ದೇಹಬಲವೂ ಸಾಧನವೇ?

ಕಳೆದ ವರ್ಷದ ಮಧ್ವನವಮಿಯಂದು ನಡೆದ ಒಂದು ಸಣ್ಣ ಪ್ರಸಂಗವು ಈ ಲೇಖನಕ್ಕೆ ಕಾರಣವಾಯಿತು. ಮಹಾಮಂಗಳಾರತಿಯಾದ ಮೇಲೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಶ್ರೀಮುಖ್ಯಪ್ರಾಣದೇವರ ಎದುರಿಗೆ ಸಾಷ್ಟಾಂಗವೆರಗಿದರು. ಎರಗಿದವರು ಏಳಲಿಲ್ಲ. ಧ್ಯಾನದಲ್ಲಿ ತೊಡಗಿರಬಹುದೆಂದು ಸುತ್ತ ನಿಂತವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗೆ ಏಳಲು ಆಗುತ್ತಿಲ್ಲವೆಂದು ಬಳಿಕ ತಿಳಿಯಿತು. ಇಬ್ಬರು ತರುಣರು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಗೋಡೆಯ ಬಳಿ ಕೂರಿಸಿದರು. ನಾವು ಹತ್ತಿರ ಹೋಗಿ ವಿಚಾರಿಸಿದಾಗ ಅವರೆಂದರು: "ರೋಗವೇನೂ ಇಲ್ಲ. ಕಾಲಿನಲ್ಲಿ ಬಲವಿಲ್ಲ, ಅಷ್ಟೆ. ಇನ್ನು ಮೇಲೆ ನಿಂತೇ ಕೈಮುಗಿಯುತ್ತೇನೆ. ಬಲದ ದೇವರ ಮುಂದೆ ಹೀಗಾಯಿತಲ್ಲ ಎಂಬುದೊಂದೇ ವ್ಯಥೆ."

ಆ ಮಾತು ನಮ್ಮನ್ನು ಬಹುಕಾಲ ಕಾಡಿತು. ನಾವು ದಿನವೂ ವಾಯುದೇವರನ್ನು ಬಲದ ಅಧಿದೇವತೆಯೆಂದು ಸ್ತುತಿಸುತ್ತೇವೆ. ಹನುಮ, ಭೀಮ, ಮಧ್ವ ಎಂಬ ಮೂರು ಅವತಾರಗಳನ್ನು ಸ್ಮರಿಸದೆ ನಮ್ಮಲ್ಲಿ ಯಾವ ಪ್ರವಚನವೂ ಮುಗಿಯುವುದಿಲ್ಲ. ಆದರೆ ನಮ್ಮ ಸ್ವಂತ ದೇಹದ ಬಲವನ್ನು ಕುರಿತು ನಮ್ಮ ಧೋರಣೆಯೇನು? ಅದನ್ನು ಬೆಳೆಸಿಕೊಳ್ಳುವುದು ಸಾಧಕನ ಕರ್ತವ್ಯವೇ, ಅಥವಾ ಅದು ಕೇವಲ ದೇಹಾಭಿಮಾನವೇ? ಈ ಪ್ರಶ್ನೆಯನ್ನು ಇಲ್ಲಿ ಯಥಾಮತಿಯಾಗಿ ವಿಚಾರಿಸಲು ಬಯಸುತ್ತೇವೆ.

ಮೊದಲು ಪೂರ್ವಪಕ್ಷ. ಆಸ್ತಿಕರಲ್ಲಿ ಅನೇಕರು ಹೇಳುವ ಮಾತು ಹೀಗಿದೆ: ದೇಹವು ಅನಿತ್ಯ; ಇಂದಲ್ಲ ನಾಳೆ ಬಿದ್ದುಹೋಗುವಂಥದು. ಅದನ್ನು ತಿದ್ದಿ ತೀಡಿ ಬೆಳೆಸುವ ಶ್ರಮವನ್ನು ಹರಿನಾಮಸ್ಮರಣೆಗೆ ವಿನಿಯೋಗಿಸಿದರೆ ಆಗದೇ? ಅಲ್ಲದೆ ಆಯುಸ್ಸು, ಆರೋಗ್ಯಗಳು ಪ್ರಾರಬ್ಧಾಧೀನ, ಭಗವದಧೀನ. ನಮ್ಮ ಬಸ್ಕಿ, ದಂಡಗಳಿಂದ ಏನಾದೀತು? ಗರಡಿಮನೆ ಮಲ್ಲರಿಗೆ, ಪಾಠಶಾಲೆ ಪಂಡಿತರಿಗೆ. ಒಬ್ಬರ ಕೆಲಸ ಇನ್ನೊಬ್ಬರಿಗೇಕೆ? ಈ ಮೂರೂ ಆಕ್ಷೇಪಗಳು ಮೇಲುನೋಟಕ್ಕೆ ವೈರಾಗ್ಯದಂತೆ ಕಾಣುವುದರಿಂದ ಇವುಗಳನ್ನು ಗೌರವದಿಂದಲೇ ಪರಿಶೀಲಿಸಬೇಕು.

ದೇಹವು ಅನಿತ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ಅನಿತ್ಯವಾದುದೆಲ್ಲ ಮಿಥ್ಯೆಯಲ್ಲ. ಈ ಭೇದವನ್ನು ತಿಳಿಸಿಕೊಟ್ಟುದೇ ಶ್ರೀಮದಾಚಾರ್ಯರ ತತ್ತ್ವವಾದದ ಮಹೋಪಕಾರ. ಜಗತ್ತು ಸತ್ಯ, ಅದರೊಳಗಿನ ದೇಹವೂ ಸತ್ಯ. ಅದು ಹುಟ್ಟುತ್ತದೆ, ಬೆಳೆಯುತ್ತದೆ, ಕ್ಷಯಿಸುತ್ತದೆ. ಆದರೆ ಇರುವಷ್ಟು ಕಾಲ ಅದು ಭ್ರಾಂತಿಯಲ್ಲ. ಭಗವಂತನು ತನ್ನ ಸಂಕಲ್ಪದಿಂದ ಜೀವನಿಗೆ ಸಾಧನೆಗಾಗಿ ಕೊಟ್ಟ ನಿಜವಾದ ಉಪಕರಣ. ದೇಹವು ಭ್ರಾಂತಿಯೆಂದು ಬಗೆದವನು ಅದನ್ನು ಉಪೇಕ್ಷಿಸಿದರೆ ಅದು ಅವನ ಸಿದ್ಧಾಂತಕ್ಕೆ ಸಂಗತವಾಗಬಹುದೇನೋ. ಅದು ಸತ್ಯವೆಂದೂ ಹರಿಯ ಸೊತ್ತೆಂದೂ ಒಪ್ಪಿದ ನಾವು ಉಪೇಕ್ಷಿಸಿದರೆ ಅದು ಸಂಗತವಲ್ಲ. ಸ್ವಾಮಿಯು ಸೇವಕನ ವಶಕ್ಕೆ ಒಂದು ಪಾತ್ರೆಯನ್ನು ಕೊಟ್ಟರೆ, ಅದು ಎಂದಾದರೂ ಸವೆಯುವುದೆಂಬ ನೆಪದಿಂದ ಸೇವಕನು ಅದನ್ನು ಇಂದೇ ಕಿಲುಬು ಹಿಡಿಯಲು ಬಿಡಬಹುದೇ? ಸವೆಯುವುದಾದರೆ ಸೇವೆಯಲ್ಲಿ ಸವೆಯಲಿ. ಅಲಕ್ಷ್ಯದಿಂದ ಕೆಟ್ಟರೆ ಸ್ವಾಮಿಗೆ ಉತ್ತರ ಹೇಳಬೇಕಾದವನು ಸೇವಕನೇ.

ಎರಡನೆಯ ಆಕ್ಷೇಪ ಪ್ರಾರಬ್ಧದ್ದು. ಸರ್ವವೂ ಹರಿಯ ಅಧೀನವೆಂಬುದು ನಮ್ಮ ಪರಮಸಿದ್ಧಾಂತ. ಆದರೆ ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಶ್ರೀಮದಾಚಾರ್ಯರು ಹೇಳಲಿಲ್ಲ. ಕರ್ತೃತ್ವವಿದೆ, ಅದು ಪರಾಧೀನವಾದುದು ಎಂದರು. ಜೀವನು ಕರ್ತನಲ್ಲವಾದರೆ ಶಾಸ್ತ್ರದ ವಿಧಿನಿಷೇಧಗಳೆಲ್ಲ ವ್ಯರ್ಥವಾದಾವು. ಹಸಿವಾದಾಗ ಪ್ರಾರಬ್ಧವೇ ಉಣಿಸಲೆಂದು ಕೈಕಟ್ಟಿ ಕೂರುವವರನ್ನು ನಾವು ಕಂಡಿಲ್ಲ. ಜ್ವರ ಬಂದಾಗ ವೈದ್ಯರ ಮನೆಯ ದಾರಿಯನ್ನು ಎಲ್ಲರೂ ಬಲ್ಲರು. ವ್ಯಾಯಾಮದ ವಿಷಯದಲ್ಲಿ ಮಾತ್ರ ಪ್ರಾರಬ್ಧವು ನೆನಪಾಗುವುದಾದರೆ ಅದು ವೈರಾಗ್ಯವಲ್ಲ, ಆಲಸ್ಯ. ಪ್ರಯತ್ನ ನಮ್ಮದು, ಆ ಪ್ರಯತ್ನಶಕ್ತಿಯೂ ಅವನು ಕೊಟ್ಟದ್ದು, ಫಲ ಅವನದು ಎಂಬ ಅನುಸಂಧಾನವೇ ಇಲ್ಲಿಯೂ ಯುಕ್ತ.

ಮೂರನೆಯ ಆಕ್ಷೇಪಕ್ಕೆ ಶ್ರೀಮದಾಚಾರ್ಯರ ಚರಿತ್ರೆಯೇ ಉತ್ತರ. ನಾರಾಯಣ ಪಂಡಿತಾಚಾರ್ಯರು ಹದಿನಾರು ಸರ್ಗಗಳ ಸುಮಧ್ವವಿಜಯದಲ್ಲಿ ವಾದವಿಜಯಗಳನ್ನು ಮಾತ್ರ ವರ್ಣಿಸಿ ತೃಪ್ತರಾಗಲಿಲ್ಲ. ಪಾಜಕದ ಬಾಲಕ ವಾಸುದೇವನು ಎತ್ತಿನ ಬಾಲವನ್ನು ಹಿಡಿದು ಕಾಡೆಲ್ಲ ಸುತ್ತಿ ಬಂದುದನ್ನು ಹೇಳುತ್ತಾರೆ. ಓಟ, ನೆಗೆತ, ಮಲ್ಲಯುದ್ಧ, ಈಜುಗಳಲ್ಲಿ ಸಹಪಾಠಿಗಳನ್ನು ಮೀರಿಸಿದುದನ್ನು ಹೇಳುತ್ತಾರೆ. ಅಕ್ಕನು ಅಳುವ ಶಿಶುವಿಗೆ ಬೇಯಿಸಿದ ಹುರುಳಿಯನ್ನು ಉಣಿಸಿದುದನ್ನೂ ಬಿಟ್ಟಿಲ್ಲ. ಆಚಾರ್ಯರ ಬಲವನ್ನು ಪರೀಕ್ಷಿಸಬಂದ ಗಂಡವಾಟನೆಂಬ ಬಲಶಾಲಿಯು ಅವರ ಕಂಠವನ್ನು ಅದುಮಲು ಹೋಗಿ ತಾನೇ ದಣಿದು ಸೋತ ಕಥೆಯೂ ಅಲ್ಲಿದೆ. ಕಳಸದ ಸಮೀಪದ ಅಂಬುತೀರ್ಥದಲ್ಲಿ, ಭದ್ರಾನದಿಯಲ್ಲಿರುವ ಮಹಾಶಿಲೆಯನ್ನು ಯಾತ್ರಿಕರು ಇಂದಿಗೂ ಕಾಣುತ್ತಾರೆ. ಆಚಾರ್ಯರು ಅದನ್ನು ಒಂದೇ ಕೈಯಿಂದ ತಂದಿಟ್ಟರೆಂದು ಅಲ್ಲಿಯ ಶಾಸನವು ಸಾರುತ್ತದೆ. ಅವತಾರಪುರುಷರ ಬಲಕ್ಕೆ ನಮ್ಮ ಬಲವನ್ನು ಹೋಲಿಸುವ ಮಾತೇ ಇಲ್ಲ. ಆದರೆ ಸೂತ್ರಭಾಷ್ಯವನ್ನು ರಚಿಸಿದ ಕೈಯೇ ಬಂಡೆಯನ್ನೂ ಎತ್ತಿತೆಂದು ಆದರದಿಂದ ಓದುವ ನಾವು, ವಿದ್ಯೆಗೂ ಬಲಕ್ಕೂ ಹಗೆಯೆಂದು ಬಗೆಯುವುದು ಹೇಗೆ? ಅವರು ಎರಡು ಸಲ ಬದರಿಗೆ ಹೋದುದು ಕಾಲ್ನಡಿಗೆಯಲ್ಲಿ. ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಉಡುಪಿಯ ಶ್ರೀಅನಂತೇಶ್ವರ ಸನ್ನಿಧಿಯಲ್ಲಿ, ಪಾಠ ಹೇಳುತ್ತಿರುವಾಗಲೇ ಅದೃಶ್ಯರಾದರೆಂಬುದು ಸಂಪ್ರದಾಯ. ಕೊನೆಯ ದಿನದವರೆಗೂ ಪಾಠ ನಿಲ್ಲಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಉಪನಿಷತ್ತುಗಳಲ್ಲಿ ಇಂದ್ರಿಯಗಳ ವಿವಾದದ ಆಖ್ಯಾಯಿಕೆಯೊಂದಿದೆ. ನಮ್ಮಲ್ಲಿ ಯಾರು ಶ್ರೇಷ್ಠರೆಂದು ವಾಕ್ಕು, ಕಣ್ಣು, ಕಿವಿ, ಮನಸ್ಸುಗಳು ಚರ್ಚಿಸಿ, ಒಂದೊಂದಾಗಿ ದೇಹವನ್ನು ಬಿಟ್ಟು ಒಂದು ವರ್ಷ ಹೊರಗಿದ್ದು ಬಂದುವು. ದೇಹ ಹೇಗೋ ಬದುಕಿತು. ಕೊನೆಗೆ ಪ್ರಾಣನು ಹೊರಡಲು ಅನುವಾದಾಗ, ಉತ್ತಮಾಶ್ವವು ಗೂಟಗಳನ್ನೆಲ್ಲ ಕಿತ್ತುಕೊಂಡು ಹೋಗುವಂತೆ ಎಲ್ಲ ಇಂದ್ರಿಯಗಳೂ ಕಿತ್ತು ಬರತೊಡಗಿದುವು. ಪ್ರಾಣನೇ ಶ್ರೇಷ್ಠನೆಂದು ಎಲ್ಲವೂ ಒಪ್ಪಿದುವು. ಆ ಮುಖ್ಯಪ್ರಾಣನೇ ನಮ್ಮ ದೇಹದಲ್ಲಿ ನಿಂತು, ಹರಿಯ ಆಜ್ಞೆಯಂತೆ ಉಸಿರನ್ನು ನಡೆಸುತ್ತಾನೆ, ಅನ್ನವನ್ನು ಜೀರ್ಣಗೊಳಿಸುತ್ತಾನೆ, ಕೈಕಾಲುಗಳನ್ನು ಆಡಿಸುತ್ತಾನೆ. ಹಾಗಾದರೆ ದೇಹದ ಬಲವೆಂಬುದು ನಮ್ಮ ಆಸ್ತಿಯಲ್ಲ. ಅವನ ಸನ್ನಿಧಾನದ ಕುರುಹು. ದೇಹವನ್ನು ವೃಥಾ ಕೃಶಗೊಳಿಸುವವರು ಅಂತರ್ಯಾಮಿಯನ್ನೇ ನೋಯಿಸುತ್ತಾರೆಂದು ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ಎಚ್ಚರಿಸಿದ್ದಾನೆ. ಅನ್ನವಿಲ್ಲದೆ ಕೃಶಗೊಳಿಸುವುದೊಂದೇ ಅಲ್ಲ, ಅಲಕ್ಷ್ಯದಿಂದ ಕೃಶವಾಗಲು ಬಿಡುವುದೂ ಆ ಎಚ್ಚರಿಕೆಗೆ ದೂರವಾದುದಲ್ಲವೆಂದು ನಮಗೆ ತೋರುತ್ತದೆ.

ಇನ್ನು ಲೌಕಿಕಪ್ರಮಾಣವನ್ನು ನೋಡೋಣ. ಪ್ರತ್ಯಕ್ಷಕ್ಕೆ ನಮ್ಮ ಶಾಸ್ತ್ರದಲ್ಲಿ ಬಲವಾದ ಸ್ಥಾನವಿದೆ. ಮನುಷ್ಯನ ಸ್ನಾಯುಗಳು ಮೂವತ್ತು ನಲವತ್ತರ ನಡುವಿನಿಂದಲೇ ನಿಧಾನವಾಗಿ ಕರಗತೊಡಗುತ್ತವೆ. ಅರವತ್ತರ ಅನಂತರ ಕರಗುವ ವೇಗ ಹೆಚ್ಚುತ್ತದೆ. ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಕುಗ್ಗುತ್ತದೆ. ಈ ಕ್ಷಯಕ್ಕೆ ವಯಸ್ಸೊಂದೇ ಕಾರಣವಲ್ಲ, ಭಾರವಿಲ್ಲದ ಬದುಕು ಬಹುಮಟ್ಟಿಗೆ ಕಾರಣ. ಸ್ನಾಯುವಿಗೂ ಎಲುಬಿಗೂ ಒಂದೇ ನಿಯಮ: ಹೊರೆ ಬಿದ್ದರೆ ಗಟ್ಟಿಯಾಗುತ್ತವೆ, ಹೊರೆ ತಪ್ಪಿದರೆ ಸೊರಗುತ್ತವೆ. ನಡಿಗೆ, ಪ್ರಾಣಾಯಾಮ, ಸೂರ್ಯನಮಸ್ಕಾರಗಳು ಉತ್ತಮವೇ. ಹೃದಯಕ್ಕೂ ಉಸಿರಿಗೂ ಹಿತವಾದುವು. ಆದರೆ ಬರಿಯ ನಡಿಗೆ ಮತ್ತು ಉಸಿರಿನ ಅಭ್ಯಾಸದಿಂದ ತೋಳು ತೊಡೆಗಳ ಬಲ ಉಳಿಯದು. ಅದಕ್ಕೆ ಕ್ರಮವಾಗಿ ಏರುವ ಭಾರವನ್ನು ಎತ್ತುವ, ತಳ್ಳುವ, ಎಳೆಯುವ ಅಭ್ಯಾಸವೇ ಬೇಕು. ನಮ್ಮ ಗರಡಿಗಳ ಉಸ್ತಾದರು ಇದನ್ನು ಬಲ್ಲವರಾಗಿದ್ದರು. ಹೊಸ ಹುಡುಗನಿಗೆ ಮೊದಲು ದಂಡ, ಬಸ್ಕಿ, ಆಮೇಲೆ ಹಗುರವಾದ ಗದೆ, ಬಹಳ ದಿನಗಳ ಮೇಲೆ ಭಾರದ ಗದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವವರೂ ಮೊದಲ ದಿನವೇ ಆ ಕಲ್ಲಿಗೆ ಕೈಹಾಕಿದವರಲ್ಲ.

ಬಾಲ್ಯದಿಂದ ಆರಂಭಿಸೋಣ. ಮಕ್ಕಳ ಎಲುಬು ಬೆಳೆಯುತ್ತಿರುವ ಕಾಲದಲ್ಲಿ ಕೂಡಿಟ್ಟ ಗಟ್ಟಿತನವೇ ಮುಂದಿನ ಜೀವಮಾನಕ್ಕೆ ಮೂಲಧನ. ಮೂವತ್ತರ ಹೊತ್ತಿಗೆ ಆ ಕೂಡಿಕೆ ಪೂರ್ಣವಾಗುತ್ತದೆ. ಅಲ್ಲಿಂದ ಮುಂದೆ ವ್ಯಯವೇ ಹೆಚ್ಚು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ದೇಹವನ್ನು ದಣಿಸಬೇಕು, ವಾರದಲ್ಲಿ ಮೂರು ದಿನವಾದರೂ ಸ್ನಾಯು ಎಲುಬುಗಳಿಗೆ ಬಲ ಕೊಡುವ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಮರ ಹತ್ತುವುದು, ಜಗ್ಗಾಟ, ಈಜು, ಕುಸ್ತಿ ಇವೆಲ್ಲ ಅದಕ್ಕೆ ಸಾಕು. ಉಪನೀತನಾದ ವಟುವಿಗೆ ಸಂಧ್ಯಾವಂದನೆಯನ್ನು ಕಲಿಸುವ ತಂದೆಯು ಅದರ ಜತೆಗೆ ಹತ್ತು ದಂಡಗಳನ್ನೂ ಕಲಿಸಲಿ. ಪಠ್ಯಪುಸ್ತಕಕ್ಕೆ ಬಗ್ಗಿದ ಬೆನ್ನು ದೇವರ ಮುಂದೆಯಾದರೂ ನೆಟ್ಟಗಿರಲಿ.

ಯೌವನದಲ್ಲಿಯೂ ಗಾರ್ಹಸ್ಥ್ಯದಲ್ಲಿಯೂ ದೇಹವು ಹೇಗೂ ನಡೆದುಕೊಂಡು ಹೋಗುವುದರಿಂದ ನಾವು ಅದನ್ನು ಮರೆಯುತ್ತೇವೆ. ಮೇಜಿನ ಮುಂದೆ ಹತ್ತು ಗಂಟೆ ಕುಳಿತು ಮನೆಗೆ ಬಂದು ಮತ್ತೆ ಕುಳಿತುಕೊಳ್ಳುವ ಜೀವನ ಇಂದು ಸಾಮಾನ್ಯ. ಉಂಡ ಅನ್ನದ ಸಕ್ಕರೆಯನ್ನು ಹೀರಿಕೊಳ್ಳುವ ಮುಖ್ಯ ಸ್ಥಾನ ಸ್ನಾಯುವೇ. ಅದು ದುಡಿಯದಿದ್ದರೆ ಸಕ್ಕರೆಯು ರಕ್ತದಲ್ಲಿಯೇ ಉಳಿಯುತ್ತದೆ, ಮಧುಮೇಹಕ್ಕೆ ದಾರಿಯಾಗುತ್ತದೆ. ವಯಸ್ಕರೆಲ್ಲ ವಾರಕ್ಕೆ ಎರಡು ದಿನವಾದರೂ ಎಲ್ಲ ಮುಖ್ಯ ಸ್ನಾಯುಗಳಿಗೆ ಬಲದ ಅಭ್ಯಾಸವನ್ನು ಕೊಡಬೇಕೆಂಬುದು ಮೇಲೆ ಹೇಳಿದ ಸಂಸ್ಥೆಯ ಅಭಿಪ್ರಾಯ. ಎರಡು ದಿನ ಅರ್ಧರ್ಧ ಗಂಟೆಯನ್ನು ತೆಗೆದಿಡಲಾರದಷ್ಟು ಕಾರ್ಯಬಾಹುಳ್ಯ ಯಾರಿಗೂ ಇರಲಾರದು.

ಸ್ತ್ರೀಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ, ಏಕೆಂದರೆ ಬಲವೆಂಬುದು ಗಂಡಸರ ಮಾತೆಂಬ ತಪ್ಪು ಭಾವನೆ ನಮ್ಮಲ್ಲಿ ಬೇರೂರಿದೆ. ನಮ್ಮ ಅಜ್ಜಿಯಂದಿರು ಬಾವಿಯಿಂದ ಮಡಿನೀರನ್ನು ಸೇದುತ್ತಿದ್ದರು, ಬೀಸುವ ಕಲ್ಲನ್ನು ತಿರುಗಿಸುತ್ತಿದ್ದರು, ಒನಕೆ ಎತ್ತಿ ಭತ್ತ ಕುಟ್ಟುತ್ತಿದ್ದರು, ನೆಲದಲ್ಲಿ ಕುಳಿತು ರುಬ್ಬುಗುಂಡನ್ನು ಆಡಿಸುತ್ತಿದ್ದರು. ಅದು ಕಷ್ಟದ ಬದುಕು. ಅದೇ ಮರಳಿ ಬರಲೆಂದು ನಾವು ಬಯಸುವುದಿಲ್ಲ. ಯಂತ್ರಗಳು ಬಂದು ಅವರ ಮಕ್ಕಳು ಮೊಮ್ಮಕ್ಕಳ ಬೆನ್ನಿನ ಭಾರ ಇಳಿದುದು ಒಳ್ಳೆಯದೇ ಆಯಿತು. ಆದರೆ ಭಾರದ ಜತೆಗೆ ಬಲವೂ ಇಳಿಯಿತು. ಮುಟ್ಟು ನಿಂತ ಮೇಲೆ ಸ್ತ್ರೀಯರ ಎಲುಬು ಬೇಗ ಸವೆಯುತ್ತದೆ. ಬಚ್ಚಲಿನಲ್ಲಿ ಜಾರಿ ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದ ತಾಯಂದಿರನ್ನು ಕಾಣದ ಮನೆತನವಿಲ್ಲ. ಆದುದರಿಂದ ಸೊಸೆಯು ವಾರಕ್ಕೆರಡು ದಿನ ಭಾರ ಎತ್ತುವ ಅಭ್ಯಾಸಕ್ಕೆ ಹೊರಟರೆ ಅತ್ತೆಯಾದವರು ನಗದಿರಲಿ. ಸಾಧ್ಯವಾದರೆ ತಾವೂ ಜತೆಗೂಡಲಿ.

ವೃದ್ಧಾಪ್ಯದಲ್ಲಿ ಇನ್ನೇನು ಎಂಬ ನಿರಾಶೆಯೇ ಎಲ್ಲಕ್ಕಿಂತ ದೊಡ್ಡ ಶತ್ರು. ಇಲ್ಲಿ ಒಂದು ದೃಷ್ಟಾಂತವನ್ನು ಹೇಳಬೇಕು. ಅಮೆರಿಕದ ಬಾಸ್ಟನ್ ನಗರದ ವೃದ್ಧರ ಆಶ್ರಯಧಾಮವೊಂದರಲ್ಲಿ 90 ವರ್ಷದ ಆಸುಪಾಸಿನ ಹತ್ತು ಮಂದಿಗೆ ಮರಿಯಾ ಫಿಯಟರೋನ್ ಎಂಬ ವೈದ್ಯೆಯೂ ಅವರ ಸಹೋದ್ಯೋಗಿಗಳೂ ತೊಡೆಯ ಬಲದ ಅಭ್ಯಾಸವನ್ನು ಎಂಟು ವಾರ ಮಾಡಿಸಿದರು. ವಿವರಗಳು 1990ರಲ್ಲಿ ಪ್ರಕಟವಾದುವು. ಅಭ್ಯಾಸವನ್ನು ಪೂರೈಸಿದವರ ಬಲವು ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿಯೂ ಸ್ನಾಯುವು ಕರೆಗೆ ಓಗೊಡುತ್ತದೆಂದು ಇದರಿಂದ ತಿಳಿಯಿತು. ಸಮುದ್ರತೀರದಲ್ಲಿ ಸುಮ್ಮನೆ ಕುಳಿತಿದ್ದ ಹನುಮಂತನಿಗೆ ಅವನ ಬಲವನ್ನು ನೆನಪಿಸಿದವನು ವೃದ್ಧನಾದ ಜಾಂಬವಂತ. ನಮ್ಮ ಕಾಲದ ವೃದ್ಧರಿಗೆ ಅವರ ಬಲವನ್ನು ನೆನಪಿಸುವ ಹೊಣೆ ಮನೆಯ ಕಿರಿಯರದು. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನ ಬಲ ಮತ್ತು ಸಮತೋಲದ ಅಭ್ಯಾಸ ಮಾಡಿದರೆ ಬೀಳುವ ಭಯ ಕಡಿಮೆಯಾಗುತ್ತದೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರು ತುಂಬಿದ ತಂಬಿಗೆಯನ್ನು ಮೆಲ್ಲನೆ ಎತ್ತಿಳಿಸುವುದು, ಮೆಟ್ಟಿಲ ಬಳಿ ಹಿಮ್ಮಡಿ ಎತ್ತುವುದು ಮುಂತಾದುವು ಮನೆಯೊಳಗೇ ಆಗುವಂಥವು. ಹೃದ್ರೋಗ, ರಕ್ತದೊತ್ತಡ, ಕೀಲುನೋವುಗಳುಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಉಸಿರು ಬಿಗಿಹಿಡಿದು ಭಾರ ಎತ್ತಬಾರದು.

ವ್ರತನಿಯಮಗಳಿಗೂ ಇದಕ್ಕೂ ವಿರೋಧವಿದೆಯೇ ಎಂದು ಕೆಲವರು ಕೇಳುವುದುಂಟು. ಏಕಾದಶಿಯ ಉಪವಾಸದ ದಿನ ಭಾರವನ್ನು ಮುಟ್ಟದಿದ್ದರಾಯಿತು. ಸ್ನಾಯುವು ಬೆಳೆಯುವುದು ವಿಶ್ರಾಂತಿಯಲ್ಲಿಯೇ. ಸ್ನಾಯುವಿಗೆ ಬೇಕಾದ ಸಸಾರಜನಕವು ಸಾತ್ತ್ವಿಕಾಹಾರದಲ್ಲಿಯೇ ಇದೆ: ಬೇಳೆ, ಹುರುಳಿ, ಹೆಸರು, ಹಾಲು, ಮೊಸರು. ಚಾತುರ್ಮಾಸ್ಯದ ಕ್ರಮವನ್ನು ನೋಡಿರಿ. ಹಾಲನ್ನು ಬಿಡುವ ಕ್ಷೀರವ್ರತದ ತಿಂಗಳಲ್ಲಿ ಬೇಳೆಕಾಳುಗಳಿವೆ. ಬೇಳೆಯನ್ನು ಬಿಡುವ ದ್ವಿದಳವ್ರತದ ತಿಂಗಳಲ್ಲಿ ಹಾಲು ಮೊಸರುಗಳಿವೆ. ನಿಯಮದಿಂದ ನಡೆದವನು ಬಲಹೀನನಾಗಬೇಕಾಗಿಲ್ಲ. ಹಲ್ಲಿಲ್ಲವೆಂದು ಬರಿಯ ಸಾರನ್ನವನ್ನೇ ಉಣ್ಣುವ ವೃದ್ಧರಿಗೆ ತೊವ್ವೆಯೂ ಮೊಸರೂ ಎಲೆಗೆ ಬೀಳುವಂತೆ ಮನೆಯವರು ನೋಡಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಅವಶ್ಯಕ. ಬಲವು ಮದಕ್ಕೆ ಮಿತ್ರ. ಭೀಮ ದುರ್ಯೋಧನರಿಬ್ಬರೂ ಬಲರಾಮನಲ್ಲಿ ಗದಾವಿದ್ಯೆಯನ್ನು ಕಲಿತವರೇ. ಒಬ್ಬನು ಅರಗಿನ ಮನೆಯಿಂದ ಪಾರಾಗಿ ತಾಯಿಯನ್ನೂ ಸಹೋದರರನ್ನೂ ಹೊತ್ತು ಕಾಡನ್ನು ದಾಟಿದನು. ಏಕಚಕ್ರಪುರದಲ್ಲಿ ಅನ್ನವಿಟ್ಟ ಬ್ರಾಹ್ಮಣನ ಮನೆಯನ್ನು ಬಕಾಸುರನಿಂದ ಉಳಿಸಿದನು. ಇನ್ನೊಬ್ಬನ ಬಲ ತನ್ನ ತೊಡೆಯನ್ನು ತಟ್ಟಿಕೊಳ್ಳುವುದರಲ್ಲಿಯೇ ಮುಗಿಯಿತು. ವಿದ್ಯೆ ಒಂದೇ, ಗುರು ಒಬ್ಬನೇ, ಬೇರೆಯಾದುದು ವಿನಿಯೋಗ. ಹನುಮಂತನು ಸಾಗರವನ್ನು ಲಂಘಿಸಿದುದೂ ಸಂಜೀವಿನಿಯ ಪರ್ವತವನ್ನು ತಂದುದೂ ತನಗಾಗಿ ಅಲ್ಲ. ಬಲವಂತರಲ್ಲಿ ಕಾಮರಾಗರಹಿತವಾದ ಬಲವೇ ತಾನೆಂದು ಗೀತೆಯಲ್ಲಿ ಭಗವಂತನು ಹೇಳಿದುದರ ತಾತ್ಪರ್ಯ ಇದೇ. ಕನ್ನಡಿಯ ಮುಂದೆ ನಿಂತು ತನ್ನ ತೋಳನ್ನೇ ಪೂಜಿಸುವ ವ್ಯಾಯಾಮವು ನಾವು ಹೇಳುವ ವ್ಯಾಯಾಮವಲ್ಲ. ತುಳುನಾಡಿನ ದೇವಾಲಯಗಳ ಉತ್ಸವಬಲಿಯಲ್ಲಿ ದೇವರ ಮೂರ್ತಿಯನ್ನು ತಲೆಯ ಮೇಲೆ ಹೊತ್ತು ಪ್ರದಕ್ಷಿಣೆ ಬರುವ ಅರ್ಚಕರನ್ನು ನೋಡಿರಿ. ಕುತ್ತಿಗೆ, ಬೆನ್ನು, ಕಾಲುಗಳ ಬಲವೆಲ್ಲ ಅಲ್ಲಿ ಬೇಕು. ಆದರೆ ನೋಡುವವರ ಕಣ್ಣು ಮೂರ್ತಿಯ ಮೇಲಿರುತ್ತದೆ, ಹೊತ್ತವರ ಮೇಲಲ್ಲ. ಬಲವು ಇರಬೇಕಾದ ರೀತಿ ಅದು.

ಇನ್ನೂ ಒಂದು ಸೂಕ್ಷ್ಮವಿದೆ. ಬಲವು ಸಾಧನವೆಂದೊಡನೆ ಬಲವಿಲ್ಲದವನು ಕೀಳು ಸಾಧಕನೆಂದು ಯಾರಾದರೂ ಬಗೆದರೆ ಅದು ಮಹಾಪರಾಧ. ಹುಟ್ಟಿನಿಂದಲೇ ಅಂಗಹೀನರಾದವರಿದ್ದಾರೆ, ವ್ಯಾಧಿಯಿಂದ ಹಾಸಿಗೆ ಹಿಡಿದವರಿದ್ದಾರೆ. ಅವರ ಮಾನಸಪೂಜೆಯು ನಮ್ಮ ನೂರು ನಮಸ್ಕಾರಗಳಿಗಿಂತ ಹರಿಗೆ ಪ್ರಿಯವಾದೀತು. ಬಲಹೀನನಿಗೆ ಆತ್ಮನು ಲಭಿಸನೆಂದು ಮುಂಡಕೋಪನಿಷತ್ತು ಹೇಳುವಾಗ ಅದು ಬರಿಯ ತೋಳ್ಬಲವನ್ನು ಕುರಿತ ಮಾತಲ್ಲ. ನಿಷ್ಠೆಯ ಬಲವಿಲ್ಲದಿದ್ದರೆ ಜಗಜಟ್ಟಿಯೂ ಬಲಹೀನನೇ. ಆದುದರಿಂದ ಪ್ರಶ್ನೆಯು ನಮಗೆಷ್ಟು ಬಲವಿದೆ ಎಂಬುದಲ್ಲ. ಕೊಟ್ಟ ದೇಹದಲ್ಲಿ ನಮ್ಮಿಂದಾಗುವುದನ್ನು ಮಾಡಿದೆವೇ ಎಂಬುದು. ಬಲವುಳ್ಳವನ ಬಲಕ್ಕೆ ಮೊದಲ ಹಕ್ಕುದಾರರು ಬಲವಿಲ್ಲದವರೇ. ಹಾಸಿಗೆ ಹಿಡಿದ ತಾಯಿಯನ್ನು ಎತ್ತಿ ಕೂರಿಸುವ ಮಗನ ತೋಳು ಆ ಹೊತ್ತಿನಲ್ಲಿ ದೇವರ ಪಲ್ಲಕ್ಕಿಯನ್ನು ಹೊತ್ತ ತೋಳಿಗೆ ಸಮ.

ಮತ್ತೆ ಆ ಹಿರಿಯರ ವಿಷಯ. ಅಂದು ಅವರನ್ನು ಎಬ್ಬಿಸಿದ ತರುಣರಲ್ಲಿ ಒಬ್ಬನು ಮರುದಿನವೇ ಅವರ ಮನೆಗೆ ಹೋದನಂತೆ. ವೈದ್ಯರಲ್ಲಿ ಕೇಳಿಕೊಂಡು, ದಿನ ಬಿಟ್ಟು ದಿನ, ಸಂಜೆಯ ಹೊತ್ತಿನಲ್ಲಿ ಕುರ್ಚಿಯಿಂದ ಐದು ಸಲ ಎದ್ದು ಕೂರುವುದರಿಂದ ಆರಂಭಿಸಿದರಂತೆ. ಒಂದೊಂದು ಸಲ ಏಳುವಾಗಲೂ ಕೇಶವಾದಿ ನಾಮಗಳಲ್ಲಿ ಒಂದನ್ನು ಹೇಳುವುದು ಅವರ ಕ್ರಮ. ಐದು ಹನ್ನೆರಡಾಯಿತು, ಹನ್ನೆರಡು ಇಪ್ಪತ್ತನಾಲ್ಕಾಯಿತು. ನಡುವೆ ಎರಡು ತಿಂಗಳು ಮಂಡಿನೋವಿನಿಂದ ನಿಂತದ್ದೂ ಉಂಟು. ಈ ವರ್ಷದ ಮಧ್ವನವಮಿಯಂದು ಅವರು ಮುಖ್ಯಪ್ರಾಣದೇವರ ಎದುರು ಎರಗಿದರು. ಒಂದು ಮಂಡಿಯನ್ನು ಮಡಿಸಿ, ಅದರ ಮೇಲೆ ಕೈಯೂರಿ, ನಿಧಾನವಾಗಿ ತಾವೇ ಎದ್ದರು. ಆ ತರುಣನು ಪಕ್ಕದಲ್ಲಿಯೇ ನಿಂತಿದ್ದನು, ಕೈಕೊಡಲಿಲ್ಲ.

ಎದ್ದು ನಿಂತವರು ನಮ್ಮ ಕಡೆ ತಿರುಗಿ, "ಎಬ್ಬಿಸಿದವನು ಒಳಗಿದ್ದಾನೆ" ಎಂದರು. ಅದು ಗರ್ಭಗುಡಿಯ ಕುರಿತ ಮಾತೋ ತಮ್ಮ ದೇಹದ ಕುರಿತ ಮಾತೋ ನಾವು ಕೇಳಲಿಲ್ಲ, ಎರಡೂ ಸರಿಯೇ. ದೇಹಬಲವೂ ಸಾಧನವೇ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಅವನು ಕೊಟ್ಟುದೆಂದು ತಿಳಿದು ಬೆಳೆಸಿ, ಅವನ ಸೇವೆಗೂ ಅವನ ಭಕ್ತರ ಸೇವೆಗೂ ಬಳಸಿ, ಅವನು ಹಿಂದಕ್ಕೆ ಪಡೆದಾಗ ಅಳುಕದೆ ಒಪ್ಪಿಸುವವನಿಗೆ ಅದು ಸಾಧನ. ವಾಚಕರು ತಮ್ಮ ವಯಸ್ಸಿಗೆ ತಕ್ಕ ಅಭ್ಯಾಸವನ್ನು ಆರಿಸಿಕೊಂಡು ಈ ವಾರವೇ ಸಂಕಲ್ಪ ಮಾಡಲಿ. ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ಎಲ್ಲರಿಗೂ ಬಲವನ್ನೂ, ಬಲದಲ್ಲಿ ವಿನಯವನ್ನೂ ಕೊಡಲಿ.

ಶ್ರೀಕೃಷ್ಣಾರ್ಪಣಮಸ್ತು.